ಕೈಗಾದ ಹೊಸ ಘಟಕಗಳಿಗೆ ಇಂಧನ ತುಂಬುವ ಮುನ್ನ

ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಐದು ಮತ್ತು ಆರನೆಯ ಅಣು ವಿದ್ಯುತ್ ಘಟಕಗಳ ಕಾಮಗಾರಿ ನಡೆದಿದೆ. ಅವಘಡವಾದರೆ ಸುತ್ತಲಿನ ಜನರನ್ನು ಕಾಪಾಡುವ ಯೋಜನೆ ಏನೆಂಬುದು ಕನ್ನಡದಲ್ಲಿ, ಒಂದು ಸಾಲೂ ಬಿಡದೆ, ಅಲ್ಲಿನ ಗ್ರಾಮ ಪಂಚಾಯಿತಿಗಳಲ್ಲಿ ಓದಲು ಸಿಗಬೇಕು. ಆ ಯೋಜನೆಯನ್ನು ಬೇಸಿಗೆಯ ಬೆಳಕಿನಲ್ಲಿ ಒಮ್ಮೆ ಆಡಿ ತೋರಿಸಿದರೆ ಸಾಲದು, ಜಡಿಮಳೆಯ ಜುಲೈನಲ್ಲಿ ಮಾಡಿ ನೋಡಬೇಕು. ನೋಡಿ ಸರಿಯೆನ್ನುವವರು ಸ್ಥಾವರ ಕಟ್ಟಿದವರ ಕೈಕೆಳಗಿನವರಾಗಿರಬಾರದು. ಅಲ್ಲಿಯವರೆಗೆ ಈ ಎರಡು ಘಟಕಗಳಿಗೆ ಒಂದು ಕಟ್ಟು ಯುರೇನಿಯಂ ಕೂಡ ತುಂಬಬಾರದು. ಇದು ಈ ಪತ್ರಿಕೆಯ ನಿಲುವು.

ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಕೈಗಾದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ನಕಾಶೆ ತೆಗೆದು ನೋಡಲಿ. ನೇರ ಗೆರೆ ಎಳೆದರೆ ಕೊಳ್ಳೇಗಾಲದಿಂದ ಕೈಗಾ ನಾನೂರು ಕಿಲೋಮೀಟರ್‌ಗೆ ತುಸು ಹೆಚ್ಚು. ತಮಿಳುನಾಡಿನ ಅಣು ಸ್ಥಾವರಗಳಲ್ಲಿ ಕೂಡಂಕುಳಂ ಕೂಡ ಹೆಚ್ಚು ಕಡಿಮೆ ಅಷ್ಟೇ ದೂರ. ಕಲ್ಪಾಕಂ ಇನ್ನೂ ಹತ್ತಿರ, ಮುನ್ನೂರು ದಾಟುತ್ತದೆ ಅಷ್ಟೆ. ಕೈಗಾದ ಕರೆಂಟಿನಲ್ಲೂ ಕೂಡಂಕುಳಂನ ಕರೆಂಟಿನಲ್ಲೂ ಕರ್ನಾಟಕಕ್ಕೆ ಪಾಲಿದೆ, ಸೆಸ್ಕ್ ತಂತಿಯಲ್ಲಿ ನಮ್ಮ ಮನೆಗೆ ಬರುವುದರಲ್ಲಿ ಅದೂ ಬೆರೆತಿರುತ್ತದೆ. ಉರಿಸುವವರಿಗೆ ಕೇಳುವ ಹಕ್ಕೂ ಇದೆ, ಹೊಣೆಯೂ ಇದೆ. ಕಾನೂನಿನ ಪ್ರಕಾರ ಪರಿಸರ ಅಹವಾಲು ಸಭೆ ಸ್ಥಾವರವಿರುವ ಜಿಲ್ಲೆಯಲ್ಲಿ ಮಾತ್ರ ನಡೆಯುತ್ತದೆ. ಉಳಿದ ಜಿಲ್ಲೆಗಳವರು ಮಾತಾಡಲು ಇರುವ ಜಾಗ ಪತ್ರಿಕೆ ಮತ್ತು ವಿಧಾನಸಭೆ. ಇನ್ನೊಂದು ಕಾರಣವೂ ಉಂಟು. ನಿಸರ್ಗದ ವಿಕೋಪ ಬಂದಾಗ ಸರ್ಕಾರ ಹೇಗೆ ನಡೆದುಕೊಳ್ಳುತ್ತದೆ, ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನಮ್ಮ ಮೂರು ತಾಲ್ಲೂಕುಗಳು ಮೈಮೇಲೆ ಹಾಕಿಕೊಂಡು ಕಲಿತಿವೆ.

2018ರ ಆಗಸ್ಟ್, 2019ರ ಆಗಸ್ಟ್, ಮತ್ತೆ 2024ರ ಮಳೆಗಾಲ. ಕೆಆರ್‌ಎಸ್ ಮತ್ತು ಕಬಿನಿ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟಾಗ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಹರಳೆ, ಯಡಕುರಿಯದ ಕಡೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಹೊಳೆದಂಡೆಯ ಗದ್ದೆ ಮುಳುಗುತ್ತದೆ. ಜೀಪಿನ ಮೈಕಿನಲ್ಲಿ ಎಚ್ಚರಿಕೆ ಕೂಗುತ್ತಾರೆ. ಶಾಲೆಯಲ್ಲೋ ಛತ್ರದಲ್ಲೋ ಕಾಳಜಿ ಕೇಂದ್ರ ತೆರೆಯುತ್ತಾರೆ. ಜನ ಹೊರಡುವುದಿಲ್ಲ. ದನ ಬುಟ್ಟು ಹೆಂಗ್ ಬರದು ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಪ್ರತಿ ಸಲವೂ ಅಧಿಕಾರಿಗಳಿಗೆ ಅದು ಹೊಸದಾಗಿ ಕೇಳಿಸುತ್ತದೆ. ದನಕ್ಕೆ ಮೇವು ಎಲ್ಲಿ, ಕಟ್ಟಲು ಜಾಗ ಎಲ್ಲಿ ಎಂಬುದು ಮೊದಲ ದಿನದ ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಗೆ ರಸ್ತೆಯ ಮೇಲೆ ನೀರು ಬಂದು ದೋಣಿಯೇ ಗತಿಯಾಗುತ್ತದೆ. 2018ರಲ್ಲಿ ಶಿವನಸಮುದ್ರದ ಬಳಿ ಸುಮಾರು ಇನ್ನೂರು ವರ್ಷದ ವೆಸ್ಲಿ ಸೇತುವೆಯ ಒಂದು ಭಾಗವನ್ನೇ ಹೊಳೆ ಕಿತ್ತುಕೊಂಡು ಹೋಯಿತು. 2022ರಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ಭಾಗದ ಬೆಳೆ ನೀರುಪಾಲಾಯಿತು.

ಇಷ್ಟೆಲ್ಲ ಆಗುವುದು ಕಣ್ಣಿಗೆ ಕಾಣುವ ನೀರಿನಿಂದ. ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ, ಹೊಳೆ ಎಷ್ಟು ಮೆಟ್ಟಿಲು ಏರಿತು ಎಂಬುದನ್ನು ಜನರೇ ಎಣಿಸುತ್ತಾರೆ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎತ್ತ ಹೋಗುತ್ತಿದೆ ಎಂದು ತಿಳಿಯಲು ಉಪಕರಣ ಬೇಕು, ಉಪಕರಣ ಇರುವುದು ಸ್ಥಾವರದವರ ಕೈಯಲ್ಲಿ. ಅವರು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಅಣು ಸ್ಥಾವರದ ಸುರಕ್ಷತೆಯ ಚರ್ಚೆ ಬಾಯಿ ತೆರೆಯುವ ಧೈರ್ಯದ ಪ್ರಶ್ನೆಯೂ ಆಗುವುದು ಇದೇ ಕಾರಣಕ್ಕೆ. ನಮ್ಮ ದೇಶದ ಅನುಭವವನ್ನೇ ಮೊದಲು ನೋಡೋಣ.

1994ರ ಜೂನ್ ನಡುವಿನಲ್ಲಿ ದಕ್ಷಿಣ ಗುಜರಾತಿನಲ್ಲಿ ಎಡೆಬಿಡದ ಮಳೆ. ಕಾಕ್ರಪಾರ್ ಅಣು ಸ್ಥಾವರದ ಪಕ್ಕದ ಮೋತಿಚೇರ್ ಕೆರೆ ತುಂಬಿತು. ನೀರು ಹೊರಬಿಡಬೇಕಾದ ತೂಬಿನ ಬಾಗಿಲುಗಳು ತೆರೆಯಲಿಲ್ಲ. ಕೆರೆಯ ನೀರು ಸ್ಥಾವರದತ್ತ ತಿರುಗಿ ಟರ್ಬೈನ್ ಕಟ್ಟಡದ ನೆಲಮಾಳಿಗೆಗೆ ನುಗ್ಗಿತು. ಪಂಪುಗಳು ಮುಳುಗಿದವು. ಅದೃಷ್ಟಕ್ಕೆ ಮೊದಲ ಘಟಕ ಕೆಲವು ತಿಂಗಳಿಂದ ನಿಂತಿತ್ತು, ಎರಡನೆಯದು ಇನ್ನೂ ಕಟ್ಟುವ ಹಂತದಲ್ಲಿತ್ತು. ರಿಯಾಕ್ಟರ್ ಪೂರ್ತಿ ಬಿಸಿಯಲ್ಲಿ ಓಡುತ್ತಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕಾದ ಘಳಿಗೆ ಅದು. ಕೇಳಿದವನು ಒಬ್ಬ ನೌಕರ. ನಡೆದದ್ದನ್ನು ಅವನು ಪತ್ರಿಕೆಗೆ ಬರೆದ. ಅವನ ಕೆಲಸ ಹೋಯಿತು. ಹತ್ತೊಂಬತ್ತು ವರ್ಷಗಳ ನಂತರ, ಜಪಾನಿನ ಫುಕುಶಿಮಾ ದುರಂತ ನಡೆದು ಎರಡು ವರ್ಷವಾಗಿದ್ದಾಗ, 2013ರಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿಗೆ ತಲೆಬಾಗುತ್ತೇವೆ. ಆದರೆ ಆ ತೀರ್ಪಿನ ನಂತರ ದೇಶದ ಯಾವ ಅಣು ಸ್ಥಾವರದ ಯಾವ ನೌಕರ ನೆಲಮಾಳಿಗೆಗೆ ನೀರು ಬಂತು ಎಂದು ಹೊರಗೆ ಹೇಳುತ್ತಾನೆ? ಇಂಥ ನೌಕರರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಕಾನೂನು ಮಾಡಿದರೂ ಸರ್ಕಾರ ಅದನ್ನು ಜಾರಿಗೆ ತಂದಿಲ್ಲ. ಅದು ಸರ್ಕಾರದ ತಪ್ಪು, ಇವತ್ತಿಗೂ ತಿದ್ದದ ತಪ್ಪು.

ಕಾಕ್ರಪಾರ್ ಘಟನೆಯ ಹಿಂದಿನ ವರ್ಷ, 1993ರ ಮಾರ್ಚ್ 31ರಂದು, ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್‌ನ ಅಲಗು ಮುರಿದು ಬೆಂಕಿ ಬಿತ್ತು. ಕೇಬಲ್‌ಗಳು ಸುಟ್ಟು ಸ್ಥಾವರ ಸುಮಾರು ಹದಿನೇಳು ಗಂಟೆ ಕರೆಂಟಿಲ್ಲದೆ ಕತ್ತಲಲ್ಲಿ ನಿಂತಿತು. ಡೀಸೆಲ್‌ನಿಂದ ಓಡುವ ಅಗ್ನಿಶಾಮಕ ಪಂಪುಗಳಿಂದ ನೀರು ಹಾಯಿಸಿ, ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡ ಹತ್ತಿ, ಕೈಯಿಂದಲೇ ಕವಾಟ ತಿರುಗಿಸಿ ಬೋರಾನ್ ಬಿಟ್ಟ ಕೆಲಸಗಾರರು ಅನಾಹುತ ತಪ್ಪಿಸಿದರು. ಆ ಕೆಲಸಗಾರರಿಗೆ ದೇಶ ಋಣಿ. ಕೈಗಾದಲ್ಲಿರುವುದೂ ನರೋರಾ, ಕಾಕ್ರಪಾರ್‌ನಂಥದೇ ಭಾರಜಲದ ರಿಯಾಕ್ಟರ್. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕಂನ ಪಂಪ್‌ಹೌಸಿಗೆ ಸಮುದ್ರ ನುಗ್ಗಿತು. ಓಡುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಸ್ಥಾವರ ಉಳಿಯಿತು, ಪಕ್ಕದ ವಸತಿ ಬಡಾವಣೆಯಲ್ಲಿ ಜನ ಸತ್ತರು. ಗೋಡೆಯ ಒಳಗಿನ ಯಂತ್ರಕ್ಕೆ ಇದ್ದ ಎಚ್ಚರಿಕೆ ಗೋಡೆಯ ಹೊರಗಿನ ಜನಕ್ಕೆ ಇರಲಿಲ್ಲ.

2011ರ ಮಾರ್ಚ್ 11ರ ಫುಕುಶಿಮಾವನ್ನು ನಮ್ಮಲ್ಲಿ ಇಂದಿಗೂ ದೈವದ ಆಟ ಎಂಬಂತೆ ಹೇಳುವವರಿದ್ದಾರೆ. ಅದು ಸುಳ್ಳು. 9.0 ತೀವ್ರತೆಯ ಭೂಕಂಪ ನಿಸರ್ಗದ್ದು, ಹದಿನಾಲ್ಕು ಮೀಟರ್ ಎತ್ತರದ ಅಲೆಯೂ ನಿಸರ್ಗದ್ದು. ಆದರೆ ಆ ಸ್ಥಾವರ ತನ್ನ ಲೆಕ್ಕಕ್ಕೆ ಹಿಡಿದಿದ್ದ ಸುನಾಮಿಯ ಎತ್ತರ 5.7 ಮೀಟರ್. 2008ರಲ್ಲಿ ಸ್ಥಾವರ ನಡೆಸುತ್ತಿದ್ದ ಟೆಪ್ಕೋ ಕಂಪನಿಯ ಒಳಗಿನ ಲೆಕ್ಕಾಚಾರವೇ 15.7 ಮೀಟರ್ ವರೆಗೂ ಅಲೆ ಬರಬಹುದು ಎಂದಿತ್ತು. ಮತ್ತಷ್ಟು ಅಧ್ಯಯನ ಆಗಲಿ ಎಂದು ಅದನ್ನು ಪಕ್ಕಕ್ಕಿಟ್ಟರು. ತುರ್ತು ಡೀಸೆಲ್ ಜನರೇಟರ್‌ಗಳು ಹೆಚ್ಚಿನವು ನೆಲಮಾಳಿಗೆಯಲ್ಲೇ ಉಳಿದವು. ಅಲೆ ಬಂದು ಅವು ಮುಳುಗಿದಾಗ ತಂಪು ಮಾಡುವ ನೀರು ನಿಂತು ಮೂರು ರಿಯಾಕ್ಟರ್‌ಗಳ ಒಡಲು ಕರಗಿತು. ಜಪಾನಿನ ಸಂಸತ್ತು ನೇಮಿಸಿದ, ಕಿಯೋಶಿ ಕುರೋಕಾವಾ ಅಧ್ಯಕ್ಷತೆಯ ಆಯೋಗ 2012ರಲ್ಲಿ ಇದು ಮನುಷ್ಯರೇ ಮಾಡಿದ ದುರಂತ ಎಂದು ಬರೆಯಿತು. ಸರ್ಕಾರ, ನಿಯಂತ್ರಕ ಸಂಸ್ಥೆ, ಕಂಪನಿ ಮೂರೂ ಕೈಕೈ ಹಿಡಿದದ್ದೇ ಬೇರು ಎಂದಿತು.

ಇದಕ್ಕೆ ಎದುರಾಗಿ ಅದೇ ಕರಾವಳಿಯಲ್ಲಿ ಒನಗಾವಾ ಸ್ಥಾವರವಿದೆ, ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಹತ್ತಿರ. ಅದನ್ನು ಕಟ್ಟಿದ ಕಂಪನಿಯಲ್ಲಿ ಯಾನೊಸುಕೆ ಹಿರಾಯಿ ಎಂಬ ಎಂಜಿನಿಯರ್ ಇದ್ದರು. ಕ್ರಿ.ಶ. 869ರಲ್ಲಿ ಬಂದಿದ್ದ ಸುನಾಮಿಯನ್ನು ಲೆಕ್ಕಕ್ಕೆ ಹಿಡಿದು, ಖರ್ಚು ಹೆಚ್ಚಾದರೂ ಸರಿ, ನೆಲಮಟ್ಟ 14.8 ಮೀಟರ್ ಇರಲೇಬೇಕು ಎಂದು ಹಟ ಹಿಡಿದರು. ಒನಗಾವಾ ಉಳಿಯಿತು. ಮನೆ ಕಳೆದುಕೊಂಡ ಊರಿನ ಜನಕ್ಕೆ ಆ ಸ್ಥಾವರದ ವ್ಯಾಯಾಮ ಶಾಲೆಯೇ ಆಸರೆಯಾಯಿತು. ತನ್ನ ಹಟ ಎಷ್ಟು ಜೀವ ಉಳಿಸಿತು ಎಂದು ನೋಡಲು ಹಿರಾಯಿ ಬದುಕಿರಲಿಲ್ಲ, 1986ರಲ್ಲೇ ತೀರಿಕೊಂಡಿದ್ದರು. ತಂತ್ರಜ್ಞಾನ ಎರಡೂ ಕಡೆ ಒಂದೇ ಬಗೆಯದು. ಒಂದು ಕಡೆ ಬೇಡದ ಸತ್ಯವನ್ನು ಕೇಳಿಸಿಕೊಂಡರು, ಇನ್ನೊಂದು ಕಡೆ ಕಡತದಲ್ಲಿ ಇಟ್ಟರು.

ಫುಕುಶಿಮಾದ ಎರಡನೆಯ ಪಾಠವನ್ನು ನಮ್ಮ ಅಧಿಕಾರಿಗಳು ಇನ್ನೂ ಓದಿಲ್ಲ. ವಿಕಿರಣದಿಂದ ಸತ್ತನೆಂದು ಜಪಾನ್ ಸರ್ಕಾರ ಒಪ್ಪಿದ್ದು ಒಬ್ಬ ಕೆಲಸಗಾರನ ಸಾವನ್ನು ಮಾತ್ರ. ಆದರೆ ಒಂದೂವರೆ ಲಕ್ಷ ಜನ ಮನೆ ಬಿಟ್ಟರು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ವೃದ್ಧರನ್ನು ಬಸ್ಸಿಗೆ ತುಂಬಿ ಗಂಟೆಗಟ್ಟಲೆ ಸುತ್ತಿಸಿದಾಗ ಹಲವರು ದಾರಿಯಲ್ಲೇ ಹೋದರು. ಸ್ಥಳಾಂತರ, ಒತ್ತಡ, ಔಷಧಿ ಸಿಗದಿರುವುದು, ಈ ಎಲ್ಲದರಿಂದ ಫುಕುಶಿಮಾ ಪ್ರಾಂತದಲ್ಲಿ ಸತ್ತವರ ಅಧಿಕೃತ ಲೆಕ್ಕ 2,300 ದಾಟಿತು. ಭೂಕಂಪ, ಸುನಾಮಿಗಳಿಂದ ಅದೇ ಪ್ರಾಂತದಲ್ಲಿ ನೇರವಾಗಿ ಸತ್ತವರಿಗಿಂತ ಇದು ಹೆಚ್ಚು. ನಾಮಿಯೆ ಪಟ್ಟಣದ ಜನ ಸ್ಥಾವರದಿಂದ ದೂರ ಹೋಗೋಣವೆಂದು ತ್ಸುಶಿಮಾ ಎಂಬಲ್ಲಿಗೆ ಹೋದರು. ಗಾಳಿ ವಿಕಿರಣವನ್ನು ಅದೇ ದಿಕ್ಕಿಗೆ ಒಯ್ದಿತು. ಗಾಳಿಯ ದಿಕ್ಕನ್ನು ಅಂದಾಜಿಸುವ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಆ ಅಂದಾಜು ಜನರಿಗೆ ತಲುಪಲಿಲ್ಲ. ಜನ ಗಾಬರಿಗೊಳ್ಳುತ್ತಾರೆ ಎಂಬ ನೆಪ ಹೇಳಿ ಸುದ್ದಿ ಮುಚ್ಚಿಡುವ ಪ್ರತಿಯೊಬ್ಬ ಅಧಿಕಾರಿಯ ಮೇಜಿನ ಮೇಲೆ ನಾಮಿಯೆಯ ಈ ಕಥೆ ಇರಬೇಕು.

ಈಗ ಕೈಗಾಕ್ಕೆ ಬರೋಣ. ನ್ಯಾಯವಾಗಿ ಹೇಳಬೇಕಾದ್ದನ್ನು ಮೊದಲು ಹೇಳುತ್ತೇವೆ. ಕೈಗಾ ಸಮುದ್ರದಂಡೆಯಲ್ಲಿಲ್ಲ, ಸುನಾಮಿಯ ಭಯವಿಲ್ಲ. ಅಲ್ಲಿನ ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯ ದಿನ ವಿಶ್ವದಾಖಲೆ ಬರೆಯಿತು. ಅಲ್ಲಿನ ಎಂಜಿನಿಯರ್‌ಗಳ ದಕ್ಷತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಅದೇ ಕೈಗಾದಲ್ಲಿ 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದಿಂದ ನೂರು ಟನ್‌ಗೂ ಹೆಚ್ಚು ಕಾಂಕ್ರೀಟ್ ಕಳಚಿ ಬಿದ್ದಿತ್ತು, ಕೆಲಸಗಾರರು ಗಾಯಗೊಂಡಿದ್ದರು. ಅಪಘಾತವಾದಾಗ ವಿಕಿರಣವನ್ನು ಒಳಗೇ ತಡೆದಿಡಬೇಕಾದದ್ದು ಆ ಗುಮ್ಮಟ. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸುರಿದರು, ಅದು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಹೊರಗಿನ ಶತ್ರುವಿಗೆ ಬೇಲಿ ಹಾಕಿದವರಿಗೆ ಒಳಗಿನ ಕೂಲರ್ ಕಾಯಲಾಗಲಿಲ್ಲ.

ಕಾಳಿಗೆ ಕೈಗಾದ ಮೇಲ್ಭಾಗದಲ್ಲಿ ಕೊಡಸಳ್ಳಿ ಅಣೆಕಟ್ಟಿದೆ, ಇನ್ನೂ ಮೇಲೆ 101 ಮೀಟರ್ ಎತ್ತರದ ಸೂಪಾ ಇದೆ. ಕೈಗಾ ನಿಂತಿರುವುದೇ ಕದ್ರಾ ಜಲಾಶಯದ ಅಂಚಿನಲ್ಲಿ. ಮೇಲಿನ ಅಣೆಕಟ್ಟು ಒಡೆದರೆ ಬರುವ ನೀರನ್ನೂ ಲೆಕ್ಕಕ್ಕೆ ಹಿಡಿದು ಸ್ಥಾವರದ ನೆಲಮಟ್ಟ ನಿರ್ಧರಿಸಬೇಕೆಂಬುದು ನಿಯಮ. ಹಿಡಿದಿದ್ದೇವೆ ಎಂದು ಅಣು ವಿದ್ಯುತ್ ನಿಗಮ ಹೇಳುತ್ತದೆ. ಹಾಗಿದ್ದರೆ ಆ ಲೆಕ್ಕವನ್ನು ಬಹಿರಂಗವಾಗಿ ಇಡಲಿ. ಯಾವ ವರ್ಷದ ಮಳೆಯನ್ನು ಆಧಾರವಾಗಿ ಹಿಡಿದರು? ಈಗ ಮಳೆ ಸುರಿಯುವ ರೀತಿಯೇ ಬೇರೆ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟು ಕಾಳಿ ತೀರದ ಊರುಗಳು ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ಮುಳುಗಿದವು, ಅದೇ ದಿನಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಊರಿಗೆ ಊರೇ ನಡುಗಿತು.

2024 ಇನ್ನೂ ನೇರವಾಗಿ ಹೇಳಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಚಹಾ ಅಂಗಡಿ, ಲಾರಿ, ಮನುಷ್ಯರು ಎಲ್ಲ ಗಂಗಾವಳಿಯ ಪಾಲಾದರು. ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಒಂದು ಲಾರಿಯನ್ನು ಹೊಳೆಯಿಂದ ಎತ್ತಲು ಸೆಪ್ಟೆಂಬರ್ ಬರಬೇಕಾಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಇಪ್ಪತ್ತೆರಡು ದಿನಗಳ ಅಂತರದಲ್ಲಿ ಅದೇ ಜಿಲ್ಲೆಯಲ್ಲಿ, ಅದೇ ಹೆದ್ದಾರಿಯಲ್ಲಿ ಎರಡು ಅವಘಡ. ಅಣು ಸ್ಥಾವರದ ತುರ್ತು ಯೋಜನೆ ಎಂದರೆ, ಅಗತ್ಯ ಬಿದ್ದರೆ ಸುತ್ತಲಿನ ಹದಿನಾರು ಕಿಲೋಮೀಟರ್ ವಲಯದ ಜನರನ್ನು ಬಸ್ಸು, ಲಾರಿಗಳಲ್ಲಿ ಹತ್ತಿಸಿ ಹೊರಗೆ ಸಾಗಿಸುವುದೂ ಸೇರಿದೆ. ಅದನ್ನು ನಡೆಸಬೇಕಾದವರು ಜಿಲ್ಲಾಧಿಕಾರಿ. ಯಾವ ರಸ್ತೆಯಲ್ಲಿ ಸಾಗಿಸುತ್ತಾರೆ? ಘಟ್ಟದ ರಸ್ತೆ ಗುಡ್ಡದಡಿ, ಹೆದ್ದಾರಿ ಮಣ್ಣಿನಡಿ, ಸೇತುವೆ ಹೊಳೆಯೊಳಗೆ ಇರುವ ದಿನದ ಯೋಜನೆ ಬೇಕಾಗಿರುವುದು. ಸ್ಥಾವರಕ್ಕೆ ತೊಂದರೆ ತರುವಂಥ ಮಳೆ ರಸ್ತೆಯನ್ನು ಉಳಿಸಿ ಬರುವುದಿಲ್ಲ. ಈ ಸರಳ ಸಂಗತಿಯನ್ನು ಒಪ್ಪದ ಯಾವ ಯೋಜನೆಯೂ ಯೋಜನೆಯಲ್ಲ, ಅದು ಕಾಗದ.

ಕಾಗದದ ಮಾತು ನಮಗೆ ಹೊಸದಲ್ಲ. ಐದು, ಆರನೆಯ ಘಟಕಗಳ ಅಹವಾಲು ಸಭೆ ಕೈಗಾದಲ್ಲಿ ನಡೆದದ್ದು 2018ರ ಡಿಸೆಂಬರ್ 15ರಂದು. ಸ್ವರ್ಣವಲ್ಲಿ ಮಠದ ಸ್ವಾಮೀಜಿಯವರಿಂದ ಹಿಡಿದು ಸುತ್ತಲ ಊರಿನ ರೈತರವರೆಗೆ ವಿರೋಧ ದಾಖಲಾಯಿತು, ಕ್ಯಾನ್ಸರ್ ಬಗೆಗಿನ ಆತಂಕವನ್ನೂ ಜನ ಹೇಳಿಕೊಂಡರು. ಮುಂದಿನ ವರ್ಷ ಪರಿಸರ ಅನುಮತಿ ಬಂತು. ಆ ಸಭೆಯ ಹಿಂದಿನ ದಿನ, ಡಿಸೆಂಬರ್ 14ರಂದು, ನಮ್ಮ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಜನ ಬಿದ್ದರು. ಆ ದಿನ ಬದುಕಿದವರನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿನ ಬೇರೆ ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು, ಒಂದೇ ಕಡೆ ಅಷ್ಟು ವೆಂಟಿಲೇಟರ್ ಇರಲಿಲ್ಲ. ಹದಿನೇಳು ಜೀವ ಹೋಯಿತು. ನೂರು ಚಿಲ್ಲರೆ ಜನರಿಗೆ ಒಟ್ಟಿಗೆ ವಿಷವೇರಿದಾಗಲೇ ಎರಡು ಜಿಲ್ಲೆಗಳ ಆಸ್ಪತ್ರೆಗಳು ಏದುಸಿರು ಬಿಟ್ಟವು. ವಿಕಿರಣಕ್ಕೆ ಒಳಗಾದವರನ್ನು ನೋಡಬಲ್ಲ ವಾರ್ಡುಗಳು ಉತ್ತರ ಕನ್ನಡದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟಿವೆ, ತರಬೇತಾದ ವೈದ್ಯರು ಎಷ್ಟು, ಅಯೋಡಿನ್ ಮಾತ್ರೆ ಯಾವ ಪಂಚಾಯಿತಿಯ ಯಾವ ಬೀರುವಿನಲ್ಲಿದೆ ಎಂಬುದನ್ನು ಆರೋಗ್ಯ ಇಲಾಖೆ ಪ್ರಕಟಿಸಲಿ.

ಕೋವಿಡ್ ಕಾಲದ, 2021ರ ಮೇ 2ರ ರಾತ್ರಿಯನ್ನು ಚಾಮರಾಜನಗರ ಜಿಲ್ಲೆ ಮರೆಯುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಹಗಲು ರಾತ್ರಿಯಲ್ಲಿ 24 ಸಾವು. ಆಮ್ಲಜನಕ ಸಿಗದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಅದನ್ನು ಒಪ್ಪಲಿಲ್ಲ. ಸಿಲಿಂಡರ್ ಖಾಲಿಯಾದದ್ದು ರೋಗಿಯ ಪಕ್ಕದಲ್ಲಿ ಕೂತ ಹೆಂಡತಿಗೆ, ಮಗನಿಗೆ ಗೊತ್ತಿತ್ತು. ಕಣ್ಣೆದುರು ನಡೆದ ಸಾವಿನ ಲೆಕ್ಕವನ್ನೇ ಹೀಗೆ ಹೇಳುವ ವ್ಯವಸ್ಥೆ, ಕಣ್ಣಿಗೆ ಕಾಣದ ವಿಕಿರಣದ ಲೆಕ್ಕವನ್ನು ಸರಿಯಾಗಿ ಹೇಳುತ್ತದೆ ಎಂದು ನಂಬಿ ಕೂರಲು ನಮ್ಮ ಜಿಲ್ಲೆಯವರಿಗೆ ಸಾಧ್ಯವಿಲ್ಲ. ಸತ್ಯ ಹೊರಬರಲು ಅಲ್ಲಿ ಹೈಕೋರ್ಟ್ ಬೇಕಾಯಿತು, ಅಂದರೆ ಆಡಳಿತದ ಹಿಡಿತಕ್ಕೆ ಸಿಗದ ಒಂದು ಸಂಸ್ಥೆ ಬೇಕಾಯಿತು.

ಅಣು ಕ್ಷೇತ್ರದಲ್ಲಿ ಅಂಥ ಸಂಸ್ಥೆಯನ್ನು ದೇಶ ಇಷ್ಟು ವರ್ಷ ಬೇಕೆಂದೇ ಕಟ್ಟಲಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿದ್ದು ಒಂದು ಸರ್ಕಾರಿ ಆದೇಶದಿಂದ. ಅದು ವರದಿ ಒಪ್ಪಿಸಬೇಕಾದದ್ದು ಅಣುಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ರಿಯಾಕ್ಟರ್ ಕಟ್ಟಿಸುವ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. 2012ರ ಮಹಾಲೇಖಪಾಲರ ವರದಿ ಈ ಮಂಡಳಿಯ ಬಗ್ಗೆ ಹೇಳಿದ್ದು ಓದಿದರೆ ಸಿಟ್ಟು ಬರುತ್ತದೆ. ದೇಶಕ್ಕೊಂದು ವಿಕಿರಣ ಸುರಕ್ಷತಾ ನೀತಿ ಮಾಡು ಎಂದು ಹುಟ್ಟುವಾಗಲೇ ಒಪ್ಪಿಸಿದ್ದ ಕೆಲಸ ಮೂರು ದಶಕವಾದರೂ ಆಗಿರಲಿಲ್ಲ. 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ ನೋಂದಣಿಯಾಗಿದ್ದು 5,270. ಕೆಲವು ತಪ್ಪುಗಳಿಗೆ ಇದ್ದ ಗರಿಷ್ಠ ದಂಡ 500 ರೂಪಾಯಿ. ಸ್ಥಾವರದ ಹೊರಗಿನ ತುರ್ತು ಅಣಕು ಕಾರ್ಯಾಚರಣೆಗಳಲ್ಲಿ ಸಿದ್ಧತೆ ಸಾಲದು ಎಂದು ಕಂಡಿದೆ ಎಂಬುದನ್ನೂ ಆ ವರದಿ ಬರೆದಿತ್ತು. ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರೇ ಹುದ್ದೆ ಬಿಟ್ಟ ಮೇಲೆ ಅದಕ್ಕೆ ಸ್ವಾತಂತ್ರ್ಯವಿಲ್ಲ ಎಂದು ವರ್ಷಗಟ್ಟಲೆ ಬರೆದರು.

ಫುಕುಶಿಮಾದ ಬಿಸಿ ಆರುವ ಮೊದಲು, 2011ರ ಸೆಪ್ಟೆಂಬರ್‌ನಲ್ಲಿ, ಸ್ವತಂತ್ರ ನಿಯಂತ್ರಣ ಪ್ರಾಧಿಕಾರದ ಮಸೂದೆ ಲೋಕಸಭೆಗೆ ಬಂತು. 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು. 2015ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಎಂದಿತು. ಹತ್ತು ವರ್ಷದ ನಂತರ, 2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಕಾಯ್ದೆಯನ್ನು ಅಂಗೀಕರಿಸಿ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿತು. ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಅದೇ ಕಾಯ್ದೆ ಅಣು ವಿದ್ಯುತ್ತಿಗೆ ಖಾಸಗಿ ಕಂಪನಿಗಳನ್ನು ಬಿಟ್ಟುಕೊಂಡಿತು. ದೋಷವಿರುವ ಉಪಕರಣ ಕೊಟ್ಟ ಪೂರೈಕೆದಾರರಿಂದ ನಷ್ಟ ವಸೂಲಿಗೆ 2010ರ ಕಾನೂನು ಕೊಟ್ಟಿದ್ದ ಹಕ್ಕನ್ನೂ ತೆಗೆದುಹಾಕಿತು. ಭೋಪಾಲದ ಅನಿಲ ದುರಂತ ಕಂಡ ದೇಶ ಕಷ್ಟಪಟ್ಟು ಬರೆದುಕೊಂಡಿದ್ದ ಹಕ್ಕು ಅದು. ಅದನ್ನು ಬಿಟ್ಟುಕೊಟ್ಟದ್ದು ಅಕ್ಷಮ್ಯ. 2047ಕ್ಕೆ 100 ಗಿಗಾವಾಟ್ ಅಣು ವಿದ್ಯುತ್ ಎಂಬ ಗುರಿಯ ಓಟದಲ್ಲಿ ಕಾವಲುಗಾರನಿಗೆ ಕುರ್ಚಿ ಕೊಟ್ಟು ಕಳ್ಳನಿಗೆ ದಂಡವನ್ನೇ ರದ್ದು ಮಾಡಿದಂತಾಯಿತು. ಮಂಡಳಿಯ ಹೊಸ ಸ್ಥಾನ ನಿಜವೋ ಅಲಂಕಾರವೋ ಎಂಬುದಕ್ಕೆ ಕೈಗಾವೇ ಪರೀಕ್ಷೆಯಾಗಲಿ. ಮಳೆಗಾಲದ ಸ್ಥಳಾಂತರ ಸಾಧ್ಯವಿಲ್ಲ ಎಂದು ಕಂಡರೆ ಇಂಧನ ತುಂಬಲು ಅನುಮತಿ ಇಲ್ಲ ಎಂದು ಒಮ್ಮೆ ಬರೆದು ತೋರಿಸಲಿ.

ಕರೆಂಟ್ ಬೇಡವೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿದೆ. ಬೇಕು. ಪಂಪ್‌ಸೆಟ್ ರೈತನಿಗೆ ಬೇಕು, ಕೊಳ್ಳೇಗಾಲದ ರೇಷ್ಮೆ ಮಗ್ಗಕ್ಕೆ ಬೇಕು. ಶಿವನಸಮುದ್ರದ ಆಚೆ ದಡದಲ್ಲಿ 1902ರಿಂದ ವಿದ್ಯುತ್ ಹುಟ್ಟುತ್ತಿದೆ, ಮೊದಲು ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಶತಮಾನ ಕಳೆದರೂ 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದ ಜನ ರಸ್ತೆ, ನೀರು, ಕರೆಂಟ್ ಇಲ್ಲವೆಂದು ಮತದಾನಕ್ಕೇ ತಿರುಗಿ ಬಿದ್ದರು. ಮತಗಟ್ಟೆ ಒಡೆದದ್ದನ್ನು ನಾವು ಒಪ್ಪುವುದಿಲ್ಲ, ಅವರ ಕೊರತೆಯನ್ನು ಅಲ್ಲಗಳೆಯುವುದೂ ಇಲ್ಲ. ದೇಶಕ್ಕೆ ಕರೆಂಟ್ ಬೇಕು ಎಂದು ಕಾಳಿ ತೀರದ ಜನರ ಬಾಯಿ ಮುಚ್ಚಿಸುವವರು ಮಲೆ ಮಹದೇಶ್ವರ ಬೆಟ್ಟದ ಹಾಡಿ, ದೊಡ್ಡಿಗಳಿಗೆ ಕಂಬ ನೆಡಲು ಯಾವ ಆತುರವನ್ನೂ ತೋರಿಸಲಿಲ್ಲ. ಬಡವರ ಹೆಸರಿನಲ್ಲಿ ಸುರಕ್ಷತೆಯ ಪ್ರಶ್ನೆಯನ್ನು ಬದಿಗೊತ್ತುವುದು ಬಿಡಿ.

ವಿರೋಧಿಗಳಿಗೂ ಒಂದು ಮಾತು. ಫುಕುಶಿಮಾದ ವಿಕಿರಣದಿಂದ ಸಾವಿರಾರು ಜನ ಸತ್ತರು ಎಂಬಂಥ ಸುಳ್ಳನ್ನು ಸಭೆಯಲ್ಲಿ ಹೇಳಿದರೆ ಅದು ಸ್ಥಾವರದವರಿಗೇ ಲಾಭ. ಒಂದು ಸುಳ್ಳು ಸಿಕ್ಕರೆ ಸಾಕು, ಹತ್ತು ಸತ್ಯ ತಳ್ಳಿಹಾಕಲು. ಕ್ಯಾನ್ಸರ್ ಹೆಚ್ಚಿದೆ ಎಂಬ ಆತಂಕಕ್ಕೆ ಉತ್ತರ ಭಾಷಣದಿಂದ ಬರುವುದಿಲ್ಲ. ಕಾರವಾರ, ಯಲ್ಲಾಪುರ, ಜೋಯಿಡಾ ತಾಲ್ಲೂಕುಗಳ ಊರುವಾರು ಕ್ಯಾನ್ಸರ್ ನೋಂದಣಿಯನ್ನು ಪ್ರತಿ ವರ್ಷ ಪ್ರಕಟಿಸಬೇಕು, ಓದಲು ಬಂದ ಯಾವ ವೈದ್ಯನಿಗಾದರೂ ಅದು ಸಿಗಬೇಕು. ಹಾಗೆಯೇ ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎನ್ನುವ ಚಾಳಿ ನಿಲ್ಲಬೇಕು. ಕೂಡಂಕುಳಂ ಪಕ್ಕದ ಇಡಿಂತಕರೈನ ಮೀನುಗಾರರ ಮೇಲೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ದೇಶದ್ರೋಹದ ಆರೋಪ ಹೊರಿಸಿದ್ದು ಈ ದೇಶದ ಅಣು ಇತಿಹಾಸದ ಕಪ್ಪು ಪುಟ. 2013ರ ಮೇ 6ರಂದು ಸ್ಥಾವರಕ್ಕೆ ಅನುಮತಿ ಕೊಟ್ಟ ಸುಪ್ರೀಂ ಕೋರ್ಟ್ ಕೂಡ ಹದಿನೈದು ನಿರ್ದೇಶನಗಳನ್ನು ಕೊಟ್ಟಿತು. ಮೀನುಗಾರರು ಕೇಳಿದ್ದರಲ್ಲಿ ಹುರುಳಿತ್ತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ? 1989ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಅವರು ಎತ್ತಿದ ಕೈಗಾದ ಪ್ರಶ್ನೆಗಳಿಗೆ ಸರ್ಕಾರ ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ಆದ್ದರಿಂದ ನಮ್ಮ ಮೂರು ತಾಲ್ಲೂಕುಗಳನ್ನು ಪ್ರತಿನಿಧಿಸುವ ಕೊಳ್ಳೇಗಾಲ ಮತ್ತು ಹನೂರಿನ ಶಾಸಕರಿಗೆ, ಚಾಮರಾಜನಗರದ ಸಂಸದರಿಗೆ ನೇರವಾಗಿ ಹೇಳುತ್ತಿದ್ದೇವೆ. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಕೇಳಿ. ಕೈಗಾ ಸ್ಥಾವರದ ಹೊರಗಿನ ತುರ್ತು ಯೋಜನೆಯ ಕನ್ನಡ ಪ್ರತಿ ಎಲ್ಲಿದೆ? ಸೂಪಾ ಮತ್ತು ಕೊಡಸಳ್ಳಿ ಒಡೆದರೆ ಎಂಬ ಲೆಕ್ಕದ ಕಡತ ಯಾರ ಬಳಿ ಇದೆ, ಅದನ್ನು ಕೊನೆಯ ಬಾರಿ ತಿದ್ದಿದ್ದು ಯಾವ ವರ್ಷ? ಮಳೆಗಾಲದಲ್ಲಿ ಅಣಕು ಕಾರ್ಯಾಚರಣೆ ಎಂದಾದರೂ ಮಾಡಿದ್ದಾರೆಯೇ, ಮಾಡಿದ್ದರೆ ಅದರ ತಪ್ಪುಗಳ ಪಟ್ಟಿ ಎಲ್ಲಿ? ದನಕರುಗಳಿಗೆ ಏನು ಮಾಡುತ್ತಾರೆ? ಇದು ನಗುವ ಪ್ರಶ್ನೆಯಲ್ಲ, ದಾಸನಪುರದವರನ್ನು ಕೇಳಿ, ದನಕ್ಕೆ ದಾರಿ ತೋರಿಸದೆ ರೈತ ಮನೆ ಬಿಡುವುದಿಲ್ಲ. ಉತ್ತರ ಲಿಖಿತವಾಗಿ, ಸದನದ ದಾಖಲೆಯಲ್ಲಿ ಬರಲಿ. ಭದ್ರತೆಯ ಕಾರಣಕ್ಕೆ ಹೇಳಲಾಗದು ಎಂಬ ಉತ್ತರ ಬಂದರೆ, ಹೇಳಲಾಗದ ಯೋಜನೆಯಂತೆ ಜನ ಹೇಗೆ ನಡೆದುಕೊಳ್ಳಬೇಕು ಎಂದು ಮರುಪ್ರಶ್ನೆ ಹಾಕಿ.

ರಾಜ್ಯ ಸರ್ಕಾರ ಇದು ಕೇಂದ್ರದ ವಿಷಯ ಎಂದು ಜಾರಿಕೊಳ್ಳುವಂತಿಲ್ಲ. ಅಣು ಸ್ಥಾವರ ಕೇಂದ್ರದ್ದಿರಬಹುದು, ಅದರ ಸುತ್ತಲಿನ ರಸ್ತೆ, ಆಸ್ಪತ್ರೆ, ಬಸ್ಸು, ಪೊಲೀಸು, ತಹಶೀಲ್ದಾರ್, ಜಿಲ್ಲಾಧಿಕಾರಿ ಎಲ್ಲರೂ ರಾಜ್ಯದವರು. ಮೇಲಿನ ಅಣೆಕಟ್ಟುಗಳೂ ರಾಜ್ಯದ ವಿದ್ಯುತ್ ನಿಗಮದವು. ಈ ಸಿದ್ಧತೆ ಆಗಿಲ್ಲ ಎಂದು ರಾಜ್ಯ ಬರೆದುಕೊಟ್ಟರೆ ಅದನ್ನು ಕಡೆಗಣಿಸಿ ಇಂಧನ ತುಂಬುವ ಧೈರ್ಯ ಯಾವ ನಿಗಮಕ್ಕೂ ಬರುವುದಿಲ್ಲ. ಆ ಪತ್ರ ಬರೆಯಬೇಕಾದವರು ಮುಖ್ಯಮಂತ್ರಿ. ಮುಂದಿನ ಮಳೆಗಾಲದ ಅಣಕು ಕಾರ್ಯಾಚರಣೆಯ ದಿನಾಂಕವನ್ನೂ ಅದೇ ಪತ್ರದಲ್ಲಿ ನಮೂದಿಸಲಿ.